ಒಂದು ಗ್ರಾಂ ಲೋಹದ ಕಾವಲು

ತಮಿಳುನಾಡಿನ ಕಾವಲೂರು ವೀಕ್ಷಣಾಲಯದ ವೈನು ಬಾಪು ದೂರದರ್ಶಕದ ಮುಖ್ಯ ಕನ್ನಡಿ 2.34 ಮೀಟರ್ ಅಗಲದ್ದು. ಟನ್‌ಗಟ್ಟಲೆ ತೂಗುವ ಗಾಜು. ಆದರೆ ನಕ್ಷತ್ರದ ಬೆಳಕನ್ನು ಹಿಂದಿರುಗಿಸುವುದು ಗಾಜಿನ ಮೇಲೆ ಕೂತಿರುವ ಅಲ್ಯೂಮಿನಿಯಂ ಲೇಪ. ಅದರ ದಪ್ಪ ಸುಮಾರು 100 ನ್ಯಾನೋಮೀಟರ್, ತಲೆಗೂದಲಿನ ದಪ್ಪದ ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು. ಇಡೀ ಕನ್ನಡಿಯ ಮೇಲಿನ ಲೋಹವನ್ನೆಲ್ಲ ಕೆರೆದು ತಕ್ಕಡಿಗೆ ಹಾಕಿದರೆ ಒಂದು ಗ್ರಾಮಿಗಿಂತ ತುಸು ಹೆಚ್ಚು ಬಂದೀತು, ಪುಟ್ಟದೊಂದು ಕಿವಿಯೋಲೆಯ ತೂಕ. ತಿರುಗುವ ಗುಮ್ಮಟ, ಉಕ್ಕಿನ ಚೌಕಟ್ಟು, ಕ್ಯಾಮೆರಾ, ಕಂಪ್ಯೂಟರು, ಪಾಳಿಯ ಮೇಲೆ ನಿದ್ದೆಗೆಡುವ ಸಿಬ್ಬಂದಿ, ಇಷ್ಟೆಲ್ಲ ಇರುವುದು ಆ ಒಂದು ಗ್ರಾಂ ಲೋಹದ ಮೇಲೆ ಬಿದ್ದ ಬೆಳಕು ವ್ಯರ್ಥವಾಗದಿರಲಿ ಎಂದು.

ಆಕಾಶ ನೋಡುವುದು ರಾತ್ರಿಯ ಕೆಲಸ. ಆ ರಾತ್ರಿ ಕೆಡದ ಹಾಗೆ ನೋಡಿಕೊಳ್ಳುವುದು ಹಗಲಿನ ಕೆಲಸ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರ ಕೆಲವು ಸೆಕೆಂಡು ಮಂಕಾಗಿ ಮತ್ತೆ ಬೆಳಗಿತು. ಯುರೇನಸ್ಸಿಗೂ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಆ ಮಿನುಗಿನಿಂದ. ವಿಮಾನದಲ್ಲಿ ಹಾರುತ್ತಿದ್ದ ಅಮೆರಿಕದ ದೂರದರ್ಶಕದ ಜೊತೆಗೆ ಕಾವಲೂರಿನ 1 ಮೀಟರ್ ದೂರದರ್ಶಕವೂ ಅದನ್ನು ದಾಖಲಿಸಿತ್ತು. ಆ ಹೊತ್ತಿನಲ್ಲಿ ಗುಮ್ಮಟದ ಮೋಟಾರು ಕೈಕೊಟ್ಟಿದ್ದರೆ, ಒಂದು ಫ್ಯೂಸ್ ಹಾರಿದ್ದರೆ, ಉಂಗುರಗಳ ಕಥೆಯಲ್ಲಿ ಕಾವಲೂರಿನ ಹೆಸರು ಇರುತ್ತಿರಲಿಲ್ಲ.

ಇಂಥ ವೀಕ್ಷಣಾಲಯಗಳಲ್ಲಿ ಉಪಕರಣಗಳನ್ನು ಹೇಗೆ ಸಾಕುತ್ತಾರೆ ಎಂಬುದನ್ನು ತಿಳಿದರೆ, ಮನೆಯಲ್ಲೋ ಶಾಲೆಯಲ್ಲೋ ಆರಿಂಚಿನ ದೂರದರ್ಶಕ ಇಟ್ಟುಕೊಂಡವರಿಗೆ ನೇರ ಉಪಯೋಗವಿದೆ. ಪ್ರಯೋಗಾಲಯದ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ದೂರದರ್ಶಕ ನಮ್ಮಲ್ಲಿ ಅಪರೂಪದ ನೋಟವೇನಲ್ಲ. ಹಾಗೆ ಮೂಲೆಗೆ ಸೇರಿದ್ದರಲ್ಲಿ ಅನೇಕವು ಕೆಟ್ಟಿರುವುದು ಬಳಕೆಯಿಂದಲ್ಲ. ತೇವದಿಂದ, ಇಲ್ಲವೇ ಶುಚಿ ಮಾಡುವ ಉತ್ಸಾಹದಿಂದ.

ಮೊದಲು ದೂಳಿನ ವಿಚಾರ. ಕನ್ನಡಿಯ ಮೇಲೆ ದೂಳು ಕಂಡೊಡನೆ ಒರೆಸಬೇಕು ಅನಿಸುವುದು ಸಹಜ. ವೀಕ್ಷಣಾಲಯದಲ್ಲಿ ಕಲಿಯುವ ಮೊದಲ ಪಾಠವೇ ಆ ಕೈಯನ್ನು ತಡೆಯುವುದು. ದೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಅವು ಅಲ್ಯೂಮಿನಿಯಂಗಿಂತ ಎಷ್ಟೋ ಗಟ್ಟಿ. ಬಟ್ಟೆಯಿಂದ ಒಮ್ಮೆ ಎಳೆದರೆ ಪ್ರತಿ ಕಣವೂ ಒಂದು ಗೀರು ಬಿಡುತ್ತದೆ. ದೂಳು ಕೂತ ಕನ್ನಡಿ ಒಂದಿಷ್ಟು ಬೆಳಕು ಕಳೆದುಕೊಳ್ಳುತ್ತದೆ, ತೊಳೆದಾಗ ಅದು ಮರಳಿ ಬರುತ್ತದೆ. ಗೀರು ಬಿದ್ದ ಲೇಪ ಮರಳಿ ಬಾರದು.

ಹಾಗೆಂದು ದೂಳನ್ನು ಹಾಗೇ ಬಿಡುವಂತೆಯೂ ಇಲ್ಲ. ಹೊಸ ಅಲ್ಯೂಮಿನಿಯಂ ಲೇಪ ಬಿದ್ದ ಬೆಳಕಿನ ಸುಮಾರು 90 ಶೇಕಡಾವನ್ನು ಮರಳಿಸುತ್ತದೆ. ದೂರದರ್ಶಕದಲ್ಲಿ ಸಾಮಾನ್ಯವಾಗಿ ಎರಡು ಕನ್ನಡಿ. ಎರಡೂ ಸೇರಿ 81 ಶೇಕಡಾ. ಪ್ರತಿಯೊಂದೂ 80ಕ್ಕೆ ಇಳಿದರೆ ಕ್ಯಾಮೆರಾ ತಲುಪುವುದು 64 ಮಾತ್ರ. ಒಂದು ಗಂಟೆಯಲ್ಲಿ ಮುಗಿಯಬೇಕಾದ ವೀಕ್ಷಣೆಗೆ ಆಗ ಒಂದೂಕಾಲು ಗಂಟೆ ಬೇಕು. ಆದ್ದರಿಂದ ದೊಡ್ಡ ವೀಕ್ಷಣಾಲಯಗಳು ಕನ್ನಡಿಯನ್ನು ಮುಟ್ಟದೆ ದೂಳು ತೆಗೆಯುವ ಉಪಾಯ ಕಂಡುಕೊಂಡಿವೆ: ಇಂಗಾಲದ ಡೈಆಕ್ಸೈಡಿನ ಹಿಮ. ಸಿಲಿಂಡರಿನಿಂದ ಚಿಮ್ಮುವ ಈ ಹಿಮದ ಹರಳುಗಳು ಓರೆಯಾಗಿಟ್ಟ ಕನ್ನಡಿಯ ಮೇಲೆ ಜಾರುತ್ತ ದೂಳಿನ ಕಣಗಳನ್ನು ಎಬ್ಬಿಸಿಕೊಂಡು ಹೋಗಿ, ತಾವೇ ಆವಿಯಾಗಿಬಿಡುತ್ತವೆ. ನೀರಿಲ್ಲ, ಬಟ್ಟೆಯಿಲ್ಲ, ಕಲೆಯೂ ಉಳಿಯುವುದಿಲ್ಲ.

ಎಷ್ಟೇ ಜೋಪಾನ ಮಾಡಿದರೂ ಲೇಪ ಮುಪ್ಪಾಗುತ್ತದೆ. ಆಗ ಕನ್ನಡಿಯನ್ನು ಕೆಳಗಿಳಿಸಿ, ಹಳೆಯ ಲೋಹವನ್ನು ರಾಸಾಯನಿಕದಲ್ಲಿ ಕರಗಿಸಿ, ಬರಿ ಗಾಜನ್ನು ತೊಳೆದು ಒಣಗಿಸಿ, ಗಾಳಿ ಹೀರಿ ತೆಗೆದ ನಿರ್ವಾತ ಕೋಠಿಯಲ್ಲಿಡುತ್ತಾರೆ. ಅಲ್ಲಿ ಕಾದು ಕೆಂಪಾದ ಟಂಗ್‌ಸ್ಟನ್ ತಂತಿಗಳಿಗೆ ಸಿಕ್ಕಿಸಿದ ಅಲ್ಯೂಮಿನಿಯಂ ತುಣುಕುಗಳು ಕರಗಿ ಆವಿಯಾಗಿ ಗಾಜಿನ ಮೇಲೆ ಹರಡಿಕೊಳ್ಳುತ್ತವೆ. ತೊಳೆಯುವುದು, ಒಣಗಿಸುವುದು, ಗಾಳಿ ತೆಗೆಯುವುದು ತಾಸುಗಟ್ಟಲೆಯ ಕೆಲಸ. ಲೇಪ ಕೂರುವುದು ಮಾತ್ರ ತೀರ ಕಡಿಮೆ ಹೊತ್ತಿನಲ್ಲಿ. ಗಾಜಿನ ಮೇಲೆ ಒಂದು ಬೆರಳಿನ ಜಿಡ್ಡು ಉಳಿದಿದ್ದರೂ ಲೋಹ ಅಲ್ಲಿ ಹಿಡಿಯದೆ ಸುಲಿಯುತ್ತದೆ, ಇಡೀ ಕೆಲಸ ಮತ್ತೆ ಮೊದಲಿನಿಂದ. ಕಾವಲೂರಿನಲ್ಲಿ ಇದಕ್ಕೆಂದೇ ಕೋಠಿಯಿದೆ. ಮಳೆಗಾಲದ ಮೋಡ ಕವಿದು ಆಕಾಶ ಹೇಗೂ ಕಾಣದ ದಿನಗಳು ಇಂಥ ದೊಡ್ಡ ಕೆಲಸಕ್ಕೆ ಹೇಳಿಮಾಡಿಸಿದ ಕಾಲ.

ಕನ್ನಡಿಗೆ ಅತಿ ಅಪಾಯದ ಗಳಿಗೆ ಬರುವುದು ಅದನ್ನು ಜಾಗ ಬಿಟ್ಟು ಕದಲಿಸುವಾಗ. ಹವಾಯಿಯ ಮೌನಾ ಕೇಯಾ ಶಿಖರದಲ್ಲಿರುವ ಜೆಮಿನಿ ನಾರ್ತ್ ದೂರದರ್ಶಕದ 8.1 ಮೀಟರ್ ಕನ್ನಡಿಯನ್ನು 2022ರ ಅಕ್ಟೋಬರ್ 20ರಂದು ಹೊಸ ಲೇಪಕ್ಕಾಗಿ ಸಾಗಿಸುತ್ತಿದ್ದರು. ತೊಳೆಯಲು ಒಯ್ಯುವ ಗಾಡಿಯಲ್ಲಿ ಭೂಕಂಪವಾದರೆ ಕನ್ನಡಿ ಜರುಗದಿರಲೆಂದು ಅಳವಡಿಸಿದ ತಡೆಗಳಿದ್ದವು. ಕನ್ನಡಿಯನ್ನು ಕಾಯಬೇಕಿದ್ದ ಆ ತಡೆಗೇ ಅಂಚು ತಾಗಿ ಗಾಜಿನ ಚಕ್ಕೆ ಎದ್ದಿತು. ಬೆಳಕು ಹಿಡಿಯುವ ಭಾಗಕ್ಕೆ ಏಟು ಬೀಳಲಿಲ್ಲ ಎಂಬುದು ಸಮಾಧಾನ. ಆದರೂ ಬಿರುಕು ಮುಂದೆ ಹರಡದಂತೆ ದುರಸ್ತಿ ಮಾಡಿ ಮತ್ತೆ ಆಕಾಶ ನೋಡುವಷ್ಟರಲ್ಲಿ 2023ರ ಮಧ್ಯಭಾಗ ಬಂದಿತ್ತು. ನುರಿತವರು, ಸರಿಯಾದ ಸಲಕರಣೆ, ಹಿಂದೆ ಅನೇಕ ಸಲ ಮಾಡಿದ ಕೆಲಸ, ಎಲ್ಲ ಇದ್ದೂ ಹೀಗಾಯಿತು. ಕನ್ನಡಿ ಎತ್ತುವ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು, ಪ್ರತಿ ಹೆಜ್ಜೆಯನ್ನು ಒಬ್ಬರು ಓದಿ ಇನ್ನೊಬ್ಬರು ಮಾಡಬೇಕು ಎಂಬ ಕ್ರಮದ ಹಿಂದೆ ಇಂಥ ಅನುಭವಗಳಿವೆ.

ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು, ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಲಡಾಖಿನ ದೂರದರ್ಶಕವನ್ನು ನಡೆಸುವುದು ಇನ್ನೊಂದೇ ಬಗೆಯ ಕೆಲಸ. ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಬೆಟ್ಟದ ಮೇಲೆ. 2000ದ ಸೆಪ್ಟೆಂಬರಿನಲ್ಲಿ ಅದು ಮೊದಲ ಬೆಳಕು ಕಂಡಿತು. ವಿಜ್ಞಾನಿಗಳು ಕೂರುವುದು ಹೊಸಕೋಟೆಯ ನಿಯಂತ್ರಣ ಕೊಠಡಿಯಲ್ಲಿ. ಆದೇಶಗಳೂ ಚಿತ್ರಗಳೂ ಉಪಗ್ರಹದ ಮೂಲಕ ಓಡಾಡುತ್ತವೆ. ಹಾನ್ಲೆಯ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಎಷ್ಟೋ ಕಡಿಮೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆ. ಆಮ್ಲಜನಕ ತೆಳುವಾದ ಕಡೆ ಮನಸ್ಸೂ ನಿಧಾನ, ತಪ್ಪು ಗುಂಡಿ ಒತ್ತುವ ಸಾಧ್ಯತೆಯೂ ಹೆಚ್ಚು. ಯೋಚಿಸುವ ಕೆಲಸ ಹೊಸಕೋಟೆಯಲ್ಲಿ, ಕೈಯ ಕೆಲಸ ಹಾನ್ಲೆಯಲ್ಲಿ ಎಂಬ ಹಂಚಿಕೆ ಬಹಳ ವಿವೇಕದ್ದು.

ದೂರದಿಂದ ನಡೆಸುವವರಿಗೆ ಕಣ್ಣಿಲ್ಲ, ಕಿವಿಯಿಲ್ಲ. ಗುಮ್ಮಟದ ಚಕ್ರ ಕಿರ್ ಎಂದದ್ದು ಅವರಿಗೆ ಕೇಳಿಸದು, ಪಡುವಣದಲ್ಲಿ ಮೋಡ ಏರುತ್ತಿರುವುದು ಕಾಣಿಸದು. ಆ ಕೊರತೆ ತುಂಬಲು ಗಾಳಿಯ ವೇಗ, ತೇವಾಂಶ, ಉಷ್ಣತೆ ಅಳೆಯುವ ಹವಾಮಾನ ಕೇಂದ್ರ, ಆಕಾಶವನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ತೋರಿಸುವ ಕ್ಯಾಮೆರಾ, ಗುಮ್ಮಟದೊಳಗಿನ ದೀಪ ಆರಿದೆಯೇ ಎಂದು ಹೇಳುವ ಸಂವೇದಕ, ಎಲ್ಲವೂ ಬೇಕು. ಸಂಪರ್ಕ ಕಡಿದರೆ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು. ಸುರಕ್ಷಿತ ಉತ್ತರ ಒಂದೇ: ಮುಚ್ಚುವುದು. ಗಾಳಿ ಜೋರಾಯಿತೇ, ಮುಚ್ಚು. ತೇವ ಏರಿತೇ, ಮುಚ್ಚು. ಅನುಮಾನ ಬಂತೇ, ಮುಚ್ಚಿ ಆಮೇಲೆ ಯೋಚಿಸು. ಒಂದು ಗಂಟೆಯ ವೀಕ್ಷಣೆ ಹೋಗುವುದು ಬೇಸರದ ಸಂಗತಿ, ಆದರೆ ಕನ್ನಡಿಯ ಮೇಲೆ ಇಬ್ಬನಿ ಕೂತರೆ ಅದರ ಜೊತೆ ಬೆರೆತ ದೂಳು ಲೇಪವನ್ನು ತಿನ್ನತೊಡಗುತ್ತದೆ.

ಕ್ಯಾಮೆರಾಗೂ ಅದರದೇ ಆರೈಕೆ ಬೇಕು. ಮಂಕು ನಕ್ಷತ್ರದಿಂದ ಬರುವ ಬೆಳಕಿನ ಕಣಗಳನ್ನು ಎಣಿಸುವ ಸಿಸಿಡಿ ಎಂಬ ಸಂವೇದಕ ಬೆಚ್ಚಗಿದ್ದರೆ ಬೆಳಕಿಲ್ಲದಿದ್ದರೂ ತಾನಾಗಿ ಎಣಿಸತೊಡಗುತ್ತದೆ. ಅದನ್ನು ಸುಮ್ಮನಾಗಿಸಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕು. ವೀಕ್ಷಣಾಲಯದವರ ಬಾಯಲ್ಲಿ ಅದು ಬರೀ ‘ಎಲ್‌ಎನ್‌ಟು’. ಕ್ಯಾಮೆರಾಗೆ ಅಂಟಿಕೊಂಡ ಉಕ್ಕಿನ ಪಾತ್ರೆಗೆ ಅದನ್ನು ದಿನವೂ ತುಂಬಬೇಕು. ಹಬ್ಬವಿರಲಿ, ಮೋಡವಿರಲಿ, ತಪ್ಪಿಸುವಂತಿಲ್ಲ. ಕ್ಯಾಮೆರಾ ಒಮ್ಮೆ ಬೆಚ್ಚಗಾಗಿಬಿಟ್ಟರೆ ಮತ್ತೆ ತಣಿದು ಸ್ಥಿರವಾಗಲು ತಾಸುಗಟ್ಟಲೆ ಬೇಕು. ಹಾನ್ಲೆಯಂಥ ದುರ್ಗಮ ಜಾಗಕ್ಕೆ ಇದನ್ನು ಲಾರಿಯಲ್ಲಿ ಸಾಗಿಸುವುದು ಆಗದ ಮಾತು, ಹಾಗಾಗಿ ಅಲ್ಲಿಯೇ ತಯಾರಿಸಿಕೊಳ್ಳುತ್ತಾರೆ.

ಎಲ್‌ಎನ್‌ಟು ಜೊತೆ ಕೆಲಸ ಮಾಡುವವರು ಎರಡು ಸಂಗತಿ ಮರೆಯುವಂತಿಲ್ಲ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ, ಬಿರಡೆ ಬಿಗಿದ ಪಾತ್ರೆ ಬಾಂಬಿನಂತೆ ಸಿಡಿಯಬಲ್ಲದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಕೋಣೆಯಲ್ಲಿ ಅದು ಆಮ್ಲಜನಕವನ್ನು ಹೊರತಳ್ಳುತ್ತದೆ, ಒಳಗಿರುವವರಿಗೆ ತಲೆ ಸುತ್ತುವ ಮೊದಲೇ ಎಚ್ಚರ ತಪ್ಪಬಹುದು. ಆದ್ದರಿಂದ ಕಿಟಕಿ ತೆರೆದಿರಬೇಕು, ಕಣ್ಣಿಗೆ ಕನ್ನಡಕ, ಕೈಗೆ ಸಡಿಲವಾದ ಗವಸು ಇರಬೇಕು. ಸಡಿಲ ಯಾಕೆಂದರೆ, ಒಳಗೆ ದ್ರವ ಸಿಡಿದರೆ ಕೈ ಒದರಿದೊಡನೆ ಗವಸು ಕಳಚಿ ಬೀಳಬೇಕು.

ಸಂಜೆಯಾದೊಡನೆ ದೂರದರ್ಶಕ ತಣಿಯಬೇಕು. ಗುಮ್ಮಟದೊಳಗಿನ ಬಿಸಿಗಾಳಿ ತಂಪು ಹೊರಗಾಳಿಯ ಜೊತೆ ಸುಳಿದಾಡಿದರೆ ನಕ್ಷತ್ರ ಕಾದ ರಸ್ತೆಯ ಆಚೆ ಕಾಣುವ ಬಸ್ಸಿನ ಹಾಗೆ ನಡುಗುತ್ತದೆ. ಹಗಲೆಲ್ಲ ಗುಮ್ಮಟ ಮುಚ್ಚಿಟ್ಟು ಬಿಸಿಲು ತಡೆದು, ಸೂರ್ಯ ಇಳಿಯುವ ಹೊತ್ತಿಗೆ ತೆರೆದು ಗಾಳಿಯಾಡಲು ಬಿಡುವುದು ಅದಕ್ಕೇ. ಉಷ್ಣತೆ ಇಳಿದಂತೆ ಉಕ್ಕೂ ಕುಗ್ಗುತ್ತದೆ: ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್. ಏಳೆಂಟು ಮೀಟರ್ ಉದ್ದದ ಚೌಕಟ್ಟಿನಲ್ಲಿ, ಐದು ಡಿಗ್ರಿ ಇಳಿತದಲ್ಲಿ, ಎರಡು ಕನ್ನಡಿಗಳ ನಡುವಿನ ಅಂತರ ಅರ್ಧ ಮಿಲಿಮೀಟರಿನ ಹತ್ತಿರ ಬದಲಾಗುತ್ತದೆ. ನಕ್ಷತ್ರದ ಚುಕ್ಕಿ ಊದಿಕೊಳ್ಳಲು ಅಷ್ಟು ಧಾರಾಳ ಸಾಕು. ಅನುಭವಿ ಆಪರೇಟರ್ ರಾತ್ರಿಯುದ್ದಕ್ಕೂ ಫೋಕಸ್ ತಿದ್ದುತ್ತಲೇ ಇರುತ್ತಾರೆ.

ಕತ್ತಲು ಪೂರ್ತಿ ಇಳಿಯುವ ಮೊದಲಿನ ಇಪ್ಪತ್ತು ನಿಮಿಷ ವೀಕ್ಷಣಾಲಯದ ಅತ್ಯಂತ ಗಡಿಬಿಡಿಯ ಹೊತ್ತು. ಸಂಧ್ಯಾಕಾಲದ ಆಕಾಶ ಎಲ್ಲ ಕಡೆ ಒಂದೇ ಸಮನಾಗಿ ಬೆಳಗಿರುತ್ತದೆ. ಅದರ ಚಿತ್ರ ತೆಗೆದರೆ ಕ್ಯಾಮೆರಾದ ಯಾವ ಮೂಲೆ ಮಂಕು, ಅದರ ಗಾಜಿನ ಕಿಟಕಿಯ ಮೇಲೆ ಎಲ್ಲಿ ದೂಳಿನ ಉಂಗುರ ಕೂತಿದೆ ಎಂಬುದೆಲ್ಲ ಬಯಲಾಗುತ್ತದೆ. ಇದೇ ‘ಸ್ಕೈ ಫ್ಲ್ಯಾಟ್’. ಮುಂದೆ ತೆಗೆಯುವ ಪ್ರತಿ ಚಿತ್ರವನ್ನೂ ಇದರಿಂದ ಭಾಗಿಸಿ ದೋಷ ಕಳೆಯುತ್ತಾರೆ. ಬೇಗ ತೆಗೆದರೆ ಬೆಳಕು ಹೆಚ್ಚು, ತಡವಾದರೆ ನಕ್ಷತ್ರಗಳು ಮೂಡಿಬಿಡುತ್ತವೆ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತಲೇಖಿಗೆ ಇನ್ನೊಂದು ಅಳತೆಗೋಲು ಬೇಕು: ಕಬ್ಬಿಣ-ಆರ್ಗಾನ್ ದೀಪ. ಅದರ ಗೆರೆಗಳು ಎಲ್ಲಿ ಬೀಳಬೇಕೆಂದು ಮೊದಲೇ ಗೊತ್ತಿರುವುದರಿಂದ ನಕ್ಷತ್ರದ ಗೆರೆಗಳನ್ನು ಅದಕ್ಕೆ ಹೋಲಿಸಿ ಅಳೆಯಬಹುದು. ದೀಪ ಹಾಕಲು ಮರೆತ ರಾತ್ರಿಯ ಚಿತ್ರ ಸುಂದರವಾಗಿರಬಹುದು, ಅಳತೆಗೆ ಬಾರದು.

ದುರಸ್ತಿಗಿಂತ ಮುಖ್ಯವಾದ ಸಾಧನ ದಾಖಲೆ ಪುಸ್ತಕ. ಯಾವ ಹೊತ್ತಿಗೆ ತೆರೆದರು, ತೇವಾಂಶ ಎಷ್ಟಿತ್ತು, ಯಾವ ಮೋಟಾರು ಒಮ್ಮೆ ತಡವರಿಸಿ ಸರಿಹೋಯಿತು, ಎಷ್ಟು ನಿಮಿಷ ನಷ್ಟವಾಯಿತು, ಎಲ್ಲ ಅದರಲ್ಲಿರಬೇಕು. ತಾನಾಗಿ ಸರಿಹೋದ ದೋಷವನ್ನು ಬರೆಯದೆ ಬಿಡುವುದು ದೊಡ್ಡ ತಪ್ಪು. ಅದು ಹೋಗಿರುವುದಿಲ್ಲ, ಅಡಗಿರುತ್ತದೆ. ಬರೆದದ್ದನ್ನು ಓದಿ ಕ್ರಮ ಕೈಗೊಳ್ಳದಿರುವುದು ಅದಕ್ಕಿಂತ ದೊಡ್ಡ ತಪ್ಪು. ಪೋರ್ಟೊರಿಕೊದ ಅರೆಸಿಬೊ ರೇಡಿಯೋ ದೂರದರ್ಶಕದ ಕೊನೆಯ ತಿಂಗಳುಗಳು ಇದಕ್ಕೆ ನೋವಿನ ಸಾಕ್ಷಿ. 1963ರಿಂದ ದುಡಿಯುತ್ತಿದ್ದ 305 ಮೀಟರ್ ಅಗಲದ ತಟ್ಟೆ. ಅದರ ಮೇಲೆ ಉಕ್ಕಿನ ಹಗ್ಗಗಳಲ್ಲಿ ತೂಗುತ್ತಿದ್ದ 900 ಟನ್ನಿನ ವೇದಿಕೆ. 2020ರ ಆಗಸ್ಟ್ 10ರಂದು ಒಂದು ಸಹಾಯಕ ಹಗ್ಗ ಸತುವು ಹೊಯ್ದ ಸಾಕೆಟ್ಟಿನಿಂದ ಜಾರಿತು. ನವೆಂಬರ್ 6ರಂದು ಒಂದು ಮುಖ್ಯ ಹಗ್ಗ ತುಂಡಾಯಿತು. ಡಿಸೆಂಬರ್ 1ರಂದು ವೇದಿಕೆಯೇ ತಟ್ಟೆಯ ಮೇಲೆ ಕುಸಿಯಿತು. ಹಗ್ಗಗಳು ಸಾಕೆಟ್ಟಿನಿಂದ ನಿಧಾನವಾಗಿ ಹೊರಜಾರುತ್ತಿದ್ದುದು ಹಿಂದೆಯೇ ಕಣ್ಣಿಗೆ ಬಿದ್ದಿತ್ತು, ಅದರ ಗಂಭೀರತೆ ಮಾತ್ರ ಸಮಯಕ್ಕೆ ಅರಿವಾಗಲಿಲ್ಲ ಎಂಬುದು ಆಮೇಲಿನ ತನಿಖೆಯಲ್ಲಿ ಹೊರಬಂತು. ಐವತ್ತೇಳು ವರ್ಷ ಆಕಾಶಕ್ಕೆ ಕಿವಿಗೊಟ್ಟ ಯಂತ್ರ ಕೆಲವು ಸೆಂಟಿಮೀಟರಿನ ಜಾರಿಕೆಯಲ್ಲಿ ಕೊನೆಗೊಂಡಿತು.

ಈಗ ಮನೆಯ ದೂರದರ್ಶಕಕ್ಕೆ ಬರೋಣ. ಹಾನ್ಲೆಯ ಸುತ್ತ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಣೆಯಾದ ಮೇಲೆ ಅಲ್ಲಿನ ಹಳ್ಳಿಗರಿಗೆ ದೂರದರ್ಶಕ ಕೊಟ್ಟು, ಪ್ರವಾಸಿಗಳಿಗೆ ಆಕಾಶ ತೋರಿಸುವ ತರಬೇತಿ ನೀಡಲಾಗಿದೆ. ಅವರಿಗೆ ದೂಳು ಮತ್ತು ಚಳಿ ಎದುರಾಳಿಗಳಾದರೆ ಕರ್ನಾಟಕದಲ್ಲಿ ಎದುರಾಳಿ ತೇವ. ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಮಸೂರದ ಮೇಲೆ ಬೂಷ್ಟು ಜೇಡರ ಬಲೆಯಂತೆ ಹಬ್ಬುತ್ತದೆ, ಒಮ್ಮೆ ಹಬ್ಬಿದರೆ ಮಸೂರದ ಲೇಪವನ್ನೇ ಕೊರೆಯುತ್ತದೆ. ಮಳೆಗಾಲಕ್ಕೆ ಮುಂಚೆ ಕಣ್ಮಸೂರಗಳನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಇಡಬೇಕು. ಜೆಲ್ ಬಣ್ಣ ಬದಲಿಸಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ಬಳಸಬಹುದು. ಆ ಬಾಣಲೆ ಅಡುಗೆಗೆ ಬೇಡ. ದೂರದರ್ಶಕವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತುವುದು ತೇವವನ್ನು ಒಳಗೇ ಕೂಡಿಹಾಕಿದಂತೆ. ಹತ್ತಿಬಟ್ಟೆಯ ಹೊದಿಕೆ ಒಳ್ಳೆಯದು.

ರಾತ್ರಿ ನೋಡಿ ಮುಗಿಸಿದಾಗ ಗಾಜಿನ ಮೇಲೆ ಇಬ್ಬನಿ ಇದ್ದರೆ ಒರೆಸದೆ, ಮುಚ್ಚಳ ಹಾಕದೆ, ಒಣ ಕೋಣೆಯಲ್ಲಿ ಕೊಳವೆಯ ಬಾಯಿ ಕೆಳಮುಖವಾಗಿರುವಂತೆ ಆರಲು ಬಿಡಬೇಕು. ಮುಚ್ಚಳ ಬೆಳಗ್ಗೆ. ಮಸೂರವಿರುವ ದೂರದರ್ಶಕದ ಮುಂದೆ ರಟ್ಟಿನ ಕೊಳವೆ ಕಟ್ಟಿದರೆ ಇಬ್ಬನಿ ಕೂರುವುದೇ ತಡವಾಗುತ್ತದೆ. ಕಣ್ಮಸೂರದ ಮೇಲಿನ ದೂಳಿಗೆ ರಬ್ಬರ್ ಬಲ್ಬಿನಿಂದ ಗಾಳಿ ಊದುವುದು ಮೊದಲ ಹೆಜ್ಜೆ, ರೆಪ್ಪೆಯ ಜಿಡ್ಡು ಅಂಟಿದ್ದರೆ ಮಾತ್ರ ಮಸೂರಕ್ಕೆಂದೇ ಇರುವ ಬಟ್ಟೆ. ಪಂಚೆಯ ಅಂಚು, ಸೆರಗಿನ ತುದಿ, ಬಾಯಿಂದ ಊದುವುದು, ಈ ಮೂರೂ ನಿಷಿದ್ಧ.

ಕನ್ನಡಿ ತೊಳೆಯಲೇಬೇಕಾದರೆ ಮೊದಲು ಕೈಯ ಉಂಗುರ, ಬಳೆ ತೆಗೆದಿಡಬೇಕು. ಕನ್ನಡಿ ಯಾವ ಮುಖವಾಗಿ ಕೂತಿತ್ತೆಂದು ಗಾಜಿನ ಬದಿಯಲ್ಲಿ ಗುರುತು ಮಾಡಿಕೊಂಡು, ಬೋಗುಣಿಯ ತಳಕ್ಕೆ ಟವೆಲ್ ಹಾಸಿ, ಮೇಲಿಂದ ನೀರು ಹರಿಸಿ ದೂಳನ್ನು ಸಡಿಲಿಸಬೇಕು. ಆಮೇಲೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ನೆನೆಸಿ, ಹತ್ತಿಯ ಉಂಡೆಯನ್ನು ಅದರ ತೂಕಕ್ಕೇ ಬಿಟ್ಟು ಒಂದೇ ದಿಕ್ಕಿಗೆ ಎಳೆಯಬೇಕು, ಒತ್ತಬಾರದು, ಒಂದು ಉಂಡೆ ಒಂದೇ ಎಳೆತಕ್ಕೆ. ಕೊಳವೆಬಾವಿ ನೀರು ಒಣಗಿದಾಗ ಸುಣ್ಣದ ಕಲೆ ಬಿಡುತ್ತದೆ, ಆದ್ದರಿಂದ ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ನಂತರ ಕನ್ನಡಿಯನ್ನು ನೆಟ್ಟಗೆ ಒರಗಿಸಿ ನೀರು ತಾನಾಗಿ ಇಳಿಯಲು ಬಿಟ್ಟರಾಯಿತು. ಮತ್ತೆ ಕೂರಿಸುವಾಗ ಅಂಚಿನ ಹಿಡಿಕೆಗಳು ಗಾಜನ್ನು ಅದುಮಬಾರದು. ನಡುವೆ ಒಂದು ಕಾಗದ ಜಾರುವಷ್ಟು ಸಡಿಲವಿರಬೇಕು. ಅದುಮಿದ ಕನ್ನಡಿಯಲ್ಲಿ ನಕ್ಷತ್ರ ಮೂರು ಮೂಲೆಯಾಗಿ ಕಾಣುತ್ತದೆ. ಎರಡೂ ಕನ್ನಡಿಗಳು ನೇರಕ್ಕಿವೆಯೇ ಎಂದು ನೋಡಲು ಒಂದು ಹೊಳೆಯುವ ನಕ್ಷತ್ರವನ್ನು ನಡುವಿಗೆ ತಂದು ಫೋಕಸ್ ತುಸು ಕೆಡಿಸಬೇಕು. ಆಗ ಕಾಣುವ ಬೆಳಕಿನ ಬಳೆಯ ನಡುವೆ ಕಪ್ಪು ಚುಕ್ಕೆ ಸರಿಯಾಗಿ ಕೂತಿದ್ದರೆ ಕನ್ನಡಿಗಳು ಸರಿಯಾಗಿವೆ. ಒಂದು ಬದಿಗೆ ಸರಿದಿದ್ದರೆ ಹಿಂದಿನ ತಿರುಪುಗಳನ್ನು ಕಾಲು ಸುತ್ತಿನಷ್ಟು ಮಾತ್ರ ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಬೇಕು.

ಸೂರ್ಯನ ವಿಷಯದಲ್ಲಿ ರಿಯಾಯಿತಿಯಿಲ್ಲ. ಕೊಳವೆಯ ಮುಂಬಾಯಿಗೆ ಬಿಗಿಯಾಗಿ ಕೂರುವ ಸೌರ ಫಿಲ್ಟರ್ ಇದ್ದರೆ ಮಾತ್ರ ನೋಡಬೇಕು. ಕಣ್ಮಸೂರಕ್ಕೆ ತಿರುಪಿ ಹಾಕುವ ಪುಟ್ಟ ಕಪ್ಪು ಗಾಜು ಒಟ್ಟುಗೂಡಿದ ಶಾಖಕ್ಕೆ ಸೀಳಿ ಕ್ಷಣದಲ್ಲಿ ಕಣ್ಣು ತೆಗೆಯಬಲ್ಲದು, ಹಳೆಯ ದೂರದರ್ಶಕದ ಜೊತೆ ಅದು ಬಂದಿದ್ದರೆ ಬಿಸಾಡುವುದೇ ಸರಿ. ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ಫೈಂಡರಿಗೂ ಮುಚ್ಚಳ ಬೇಕು, ಮಕ್ಕಳು ಮೊದಲು ಇಣುಕುವುದು ಅಲ್ಲಿಯೇ.

ಮನೆಯ ದೂರದರ್ಶಕಕ್ಕೂ ನೂರು ಪುಟದ ಒಂದು ನೋಟ್‌ಬುಕ್ ಇರಲಿ. ದಿನಾಂಕ, ಸಮಯ, ಆಕಾಶ ಹೇಗಿತ್ತು, ಏನು ನೋಡಿದ್ದು, ಯಾವ ತಿರುಪು ಸಡಿಲವಾಗಿತ್ತು, ಕನ್ನಡಿ ತೊಳೆದದ್ದು ಯಾವಾಗ. ಶಾಲೆಯದಾದರೆ ಕೊನೆಗೆ ಮುಚ್ಚಿದವರ ಸಹಿ. ಮುಂದಿನ ವರ್ಷದ ಮಕ್ಕಳು ದೂರದರ್ಶಕ ಹೊರಗೆ ತರುವ ಮುನ್ನ ಕೊನೆಯ ಎರಡು ಪುಟ ಓದಿದರೆ, ಹೋದ ಸಲ ಅರ್ಧಕ್ಕೆ ನಿಂತ ಮೋಟಾರಿಗೆ ಸಂಜೆಯ ಬೆಳಕಿರುವಾಗಲೇ ಹೊಸ ಬ್ಯಾಟರಿ ಹಾಕಿಕೊಂಡಿರುತ್ತಾರೆ.